ಚೀನಿ ಮಹಲಿನಲ್ಲಿ ಕಚೇರಿ, ಮಸೀದಿಯಲ್ಲಿ ಟಪಾಲು

ಭೀಮಾ ತೀರದ ಅಗರಖೇಡದಂಥ ಇಂಡಿ ತಾಲ್ಲೂಕಿನ ಹಳ್ಳಿಗಳಿಂದ ವಿಜಯಪುರಕ್ಕೆ ಬರುವವರಲ್ಲಿ ಎರಡು ಬಗೆ. ಮಕ್ಕಳು ಮರಿ ಕಟ್ಟಿಕೊಂಡು, ರೊಟ್ಟಿ ಬುತ್ತಿ ಹಿಡಿದು ಗೋಳಗುಮ್ಮಟ ನೋಡಲು ಬರುವವರು ಒಂದು ಬಗೆ. ಹೊಲದ ಉತಾರ, ಕೋರ್ಟಿನ ತಾರೀಖು, ಸರ್ಕಾರಿ ಸಹಿ ಎಂದು ಕಾಗದದ ಚೀಲ ಬಗಲಲ್ಲಿಟ್ಟುಕೊಂಡು ಬರುವವರು ಇನ್ನೊಂದು ಬಗೆ. ಮೊದಲನೆಯವರು ಇತಿಹಾಸ ನೋಡಲು ಬಂದವರು, ಎರಡನೆಯವರು ಕೆಲಸಕ್ಕೆ ಬಂದವರು ಎಂದು ಎಲ್ಲರೂ ತಿಳಿಯುತ್ತಾರೆ. ಆದರೆ ಈ ಊರಿನಲ್ಲಿ ಬಹುಕಾಲ ಕಚೇರಿ ಕೆಲಸಕ್ಕೆ ಬಂದವನೂ ಇತಿಹಾಸದ ಒಳಗೇ ಕಾಲಿಡುತ್ತಿದ್ದ. ಅವನು ಸಾಹೇಬರ ಸಹಿಗಾಗಿ ಕಾದು ನಿಂತ ಪಡಸಾಲೆ ಒಂದು ಕಾಲಕ್ಕೆ ಸುಲ್ತಾನರ ಅರಮನೆಯಾಗಿತ್ತು.

ನಗರದ ನಟ್ಟನಡುವೆ ಅರಕಿಲ್ಲೆ ಎಂಬ ಒಳಕೋಟೆಯಿದೆ. ಆದಿಲ್‌ಶಾಹಿ ಸುಲ್ತಾನರು ಇಲ್ಲಿ ನೆಲೆಸಿ ಸುಮಾರು ಇನ್ನೂರು ವರ್ಷ ರಾಜ್ಯವಾಳಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಿಟಿಷರು ಇದೇ ಅರಕಿಲ್ಲೆಯ ಪಾಳು ಮಹಲುಗಳಿಗೆ ಬಾಗಿಲು ಕಿಟಕಿ ಕೂರಿಸಿ, ಸುಣ್ಣ ಬಳಿದು, ಒಂದು ಜಿಲ್ಲಾ ಕೇಂದ್ರವನ್ನೇ ಎಬ್ಬಿಸಿದರು. ಪ್ರವಾಸಿಗಳ ಕಣ್ಣು ಸುಲ್ತಾನರ ಕಾಲದ ಮೇಲೆಯೇ ಇರುವುದರಿಂದ ಈ ಎರಡನೆಯ ಊರು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಬಿಜಾಪುರ ಇಂದಿನ ನಗರವಾಗಿ ಬೆಳೆದ ಕಥೆ ಮಾತ್ರ ಶುರುವಾಗುವುದು ಅಲ್ಲಿಂದಲೇ.

ಪಿಂಗಾಣಿಯ ಚೂರುಗಳು

ಅರಕಿಲ್ಲೆಯ ಕಟ್ಟಡಗಳಲ್ಲಿ ಒಂದರ ಹೆಸರು ಚೀನಿ ಮಹಲು. ಚೀನಾಕ್ಕೂ ಬಿಜಾಪುರಕ್ಕೂ ಎತ್ತಣಿಂದೆತ್ತ ಸಂಬಂಧ ಎಂಬ ಪ್ರಶ್ನೆ ಸಹಜ. ಪಾಳು ಬಿದ್ದ ಈ ಮಹಲಿನ ಅವಶೇಷಗಳಲ್ಲಿ ಚೀನೀ ಪಿಂಗಾಣಿ ಪಾತ್ರೆಗಳ ಚೂರುಗಳು ಹೇರಳವಾಗಿ ಸಿಕ್ಕವು, ಅದರಿಂದ ಈ ಹೆಸರು ಬಂತು ಎನ್ನುವುದು ರೂಢಿಯಲ್ಲಿರುವ ವಿವರಣೆ. ಕೊಂಕಣದ ದಾಭೋಳ ಬಂದರು ಆದಿಲ್‌ಶಾಹಿಗಳ ಕೈಯಲ್ಲಿತ್ತು. 1510ರಲ್ಲಿ ಪೋರ್ಚುಗೀಸರು ಕಸಿದುಕೊಳ್ಳುವವರೆಗೆ ಗೋವೆಯೂ ಅವರದೇ. ಸಮುದ್ರದಾಚೆಯ ಸರಕು ಘಟ್ಟ ಹತ್ತಿ ಬಿಜಾಪುರದ ಪೇಟೆ ಸೇರುತ್ತಿದ್ದ ಕಾಲ ಅದು. ಅರಮನೆಯ ಊಟದ ಚಾವಡಿಯಲ್ಲಿ ಚೀನಾದ ತಟ್ಟೆ ಬಟ್ಟಲು ಇದ್ದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

1686ರಲ್ಲಿ ಔರಂಗಜೇಬನ ಸೇನೆಗೆ ಬಿಜಾಪುರ ಶರಣಾಯಿತು. ಕೊನೆಯ ಸುಲ್ತಾನ ಸಿಕಂದರನನ್ನು ಗಗನ ಮಹಲಿನಲ್ಲಿ ಬೆಳ್ಳಿಯ ಸರಪಳಿ ಹಾಕಿ ಬಾದಶಹನ ಮುಂದೆ ನಿಲ್ಲಿಸಿದರು ಎಂದು ಜನ ಇಂದಿಗೂ ಹೇಳುತ್ತಾರೆ. ರಾಜಧಾನಿಯ ಪಟ್ಟ ಹೋದ ಮೇಲೆ ಊರಿಗೆ ಹಿಡಿದದ್ದು ಇಳಿಗಾಲ. ಮೊಗಲರ ನಂತರ ನಿಜಾಮ, 1760ರಲ್ಲಿ ಪೇಶ್ವೆ, 1818ರಲ್ಲಿ ಪೇಶ್ವೆಯ ಪತನವಾದಾಗ ಸಾತಾರೆಯ ರಾಜ, ಹೀಗೆ ಬಿಜಾಪುರ ಕೈಯಿಂದ ಕೈಗೆ ದಾಟಿತು. ಮಹಲುಗಳ ತೊಲೆ ಕಂಬಗಳನ್ನು ಕಿತ್ತು ಒಯ್ದರು. ಛಾವಣಿ ಕುಸಿಯಿತು, ಅಂಗಳದಲ್ಲಿ ಮುಳ್ಳುಕಂಟಿ ಬೆಳೆಯಿತು. 1848ರಲ್ಲಿ ಸಾತಾರೆಯ ರಾಜ ಔರಸ ಸಂತಾನವಿಲ್ಲದೆ ತೀರಿಕೊಂಡಾಗ ಡಾಲ್‌ಹೌಸಿ ಆ ಸಂಸ್ಥಾನವನ್ನೇ ನುಂಗಿದ. ಅದರ ಜೊತೆಯಲ್ಲಿ ಬಿಜಾಪುರವೂ ಕಂಪನಿ ಸರ್ಕಾರದ ಪಾಲಾಯಿತು.

ನೂರೈವತ್ತು ರೂಪಾಯಿಗೆ ಸವಾಲು

ಹೊಸ ಧಣಿಗಳಿಗೆ ಮೊದಮೊದಲು ಈ ಊರಿನ ಬೆಲೆ ತಿಳಿಯಲಿಲ್ಲ ಎಂಬುದಕ್ಕೆ ಮುಲ್ಕ್ ಮೈದಾನ ತೋಪಿನ ಪ್ರಸಂಗವೇ ಸಾಕ್ಷಿ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಈ ತೋಪು ಷೇರ್ಜಾ ಬುರುಜಿನ ಮೇಲೆ ಕೂತಿದೆ. 1854ರಲ್ಲಿ ಕೆಲಸಕ್ಕೆ ಬಾರದ ಹಳೆಯ ಸರಕನ್ನೆಲ್ಲ ಮಾರಿಬಿಡಿ ಎಂಬ ಹುಕುಂ ಬಂದಾಗ ಈ ತೋಪನ್ನೂ ಹರಾಜಿಗೆ ಹಾಕಲಾಯಿತು. ಬಂದ ಅತಿ ಹೆಚ್ಚಿನ ಸವಾಲು 150 ರೂಪಾಯಿ! ಇಷ್ಟು ಕಡಿಮೆ ಬೆಲೆಗೆ ಇಂಥ ತೋಪನ್ನು ಬಿಟ್ಟುಕೊಡಲು ಸ್ಥಳೀಯ ಅಧಿಕಾರಿಗೆ ಮನಸ್ಸು ಬರಲಿಲ್ಲ. ಆತ ಮೇಲಿನವರಿಗೆ ಬರೆದ, ಹರಾಜು ರದ್ದಾಯಿತು, ತೋಪು ಉಳಿಯಿತು.

ಆದರೆ ಎಲ್ಲವೂ ಹೀಗೆ ಉಳಿಯಲಿಲ್ಲ. ಅಸಾರ್ ಮಹಲಿನಲ್ಲಿ ಆದಿಲ್‌ಶಾಹಿಗಳ ಗ್ರಂಥಭಂಡಾರದ ಅಳಿದುಳಿದ ಅರಬ್ಬಿ, ಫಾರಸಿ ಹಸ್ತಪ್ರತಿಗಳಿದ್ದವು. 1853ರಲ್ಲಿ ನಾನೂರಕ್ಕೂ ಹೆಚ್ಚು ಸಂಪುಟಗಳು ಲಂಡನ್ನಿಗೆ ಹೋಗಿ, ಮುಂದೆ ಇಂಡಿಯಾ ಆಫೀಸ್ ಗ್ರಂಥಾಲಯದ ಪಾಲಾದವು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಹುಳು ತಿಂದು ಹೋಗುತ್ತಿದ್ದ ಗ್ರಂಥಗಳು ಉಳಿದುಕೊಂಡವು ಎಂದು ಕೆಲವರು ಸಮಾಧಾನಪಟ್ಟರೆ, ಊರಿನ ಸೊತ್ತು ಊರು ಬಿಟ್ಟಿತು ಎಂದು ಮರುಗುವವರೂ ಇದ್ದಾರೆ. ಎರಡು ಮಾತಿನಲ್ಲೂ ಸತ್ಯವಿದೆ.

ಕಲಾದಗಿಯಿಂದ ಬಿಜಾಪುರಕ್ಕೆ

1864ರಲ್ಲಿ ಈ ಭಾಗಕ್ಕೆ ಹೊಸ ಜಿಲ್ಲೆ ರಚನೆಯಾದಾಗ ಅದರ ಹೆಸರು ಬಿಜಾಪುರವಲ್ಲ, ಕಲಾದಗಿ. ಘಟಪ್ರಭಾ ದಂಡೆಯ ಕಲಾದಗಿಯಲ್ಲಿ ಅದಕ್ಕೆ ಮೊದಲೇ ದಂಡಿನ ನೆಲೆಯಿತ್ತು, ಕಚೇರಿಗಳೂ ಅಲ್ಲಿಯೇ ಕೂತವು. ನಂತರ ಬಂದದ್ದು 1876–78ರ ಭೀಕರ ಬರ. ಕಲಾದಗಿ ಜಿಲ್ಲೆ ತತ್ತರಿಸಿಹೋಯಿತು. 1872ರ ಮತ್ತು 1881ರ ಜನಗಣತಿಗಳನ್ನು ಹೋಲಿಸಿದರೆ ಜಿಲ್ಲೆಯ ಜನಸಂಖ್ಯೆಯಲ್ಲಿ ಐದನೆಯ ಒಂದು ಪಾಲಿನಷ್ಟು ಕುಸಿತ ಕಾಣುತ್ತದೆ. ಸತ್ತವರು ಸತ್ತರು, ಉಳಿದವರಲ್ಲಿ ಅನೇಕರು ಗುಳೆ ಹೋದರು.

ಬರದ ಪ್ರದೇಶಕ್ಕೆ ಬೇಗನೆ ಧಾನ್ಯ ಸಾಗಿಸಲು ರೈಲು ಬೇಕು ಎಂಬ ಪಾಠವನ್ನು ಸರ್ಕಾರ ಆಗ ಕಲಿಯಿತು. ಸದರ್ನ್ ಮರಾಠಾ ರೈಲ್ವೆ ಕಂಪನಿ ಸೋಲಾಪುರದ ಬಳಿಯ ಹೊಟಗಿಯಿಂದ ಗದಗಿನವರೆಗೆ ಹಾಕಿದ ಮೀಟರ್ ಗೇಜ್ ಮಾರ್ಗ 1884ರಲ್ಲಿ ತೆರೆಯಿತು. ಅದು ಹಾದುಹೋದದ್ದು ಕಲಾದಗಿಯಿಂದಲ್ಲ, ಇಂಡಿ ಸೀಮೆ ದಾಟಿ ಬಿಜಾಪುರದಿಂದ. ರೈಲು ಬಂದ ಊರಿಗೆ ಕಚೇರಿಯೂ ಬಂತು. 1885ರಲ್ಲಿ ಜಿಲ್ಲಾ ಕೇಂದ್ರ ಬಿಜಾಪುರಕ್ಕೆ ವರ್ಗವಾಯಿತು, ಜಿಲ್ಲೆಯ ಹೆಸರೂ ಬದಲಾಯಿತು. ಕಲಾದಗಿ ಮತ್ತೆ ಹಳ್ಳಿಯಾಯಿತು.

ರೈಲು ಒಂದೇ ಕಾರಣವಲ್ಲ. ಬಿಜಾಪುರದಲ್ಲಿ ಕಟ್ಟಡಗಳು ಸಿದ್ಧವಾಗಿದ್ದವು. ಹೊಸದಾಗಿ ಕಲ್ಲು ಒಡೆಸಿ ಕಚೇರಿ, ಬಂಗಲೆ ಎಬ್ಬಿಸುವ ಖರ್ಚಿಗಿಂತ ನಿಂತ ಗೋಡೆಗೆ ಛಾವಣಿ ಹಾಕಿಸುವುದು ಅಗ್ಗ. ಗಜಗಟ್ಟಲೆ ದಪ್ಪದ ಗೋಡೆಗಳು ಬಿಜಾಪುರದ ಬೇಸಿಗೆಯಲ್ಲೂ ತಂಪು. ಲೆಕ್ಕಪತ್ರದ ದೃಷ್ಟಿಯಿಂದ ನೋಡಿದರೆ ಇದು ಜಾಣತನದ ತೀರ್ಮಾನವೇ.

ಯಾವ ಮಹಲು ಯಾರಿಗೆ

ಹಂಚಿಕೆ ನಡೆದ ಬಗೆ ಕುತೂಹಲಕರ. ಚೀನಿ ಮಹಲಿನ ಉದ್ದನೆಯ ಸಭಾಂಗಣ ಮತ್ತು ಸುತ್ತಣ ಕೋಣೆಗಳು ಸರ್ಕಾರಿ ಕಚೇರಿಗಳಾದವು. ಅದಾಲತ್ ಮಹಲು ಕಲೆಕ್ಟರ್ ಸಾಹೇಬರ ನಿವಾಸವಾಯಿತು. ಎರಡನೆಯ ಇಬ್ರಾಹಿಂ 1589ರಲ್ಲಿ ಕಟ್ಟಿಸಿದ ಆನಂದ ಮಹಲು ಅಧಿಕಾರಿಯ ವಸತಿಯಾಗಿ ಮಾರ್ಪಟ್ಟಿತು. ಬುಖಾರಿ ಮಸೀದಿಯಲ್ಲಿ ಟಪಾಲು ಕಚೇರಿ ಕೂತಿತು. ಗೋಳಗುಮ್ಮಟದ ಮಗ್ಗುಲಿನ ಮಸೀದಿ ಪ್ರಯಾಣಿಕರ ಬಂಗಲೆಯಾಯಿತು. ಜೋಡಗುಮ್ಮಟದ ಗೋರಿಯೊಂದು ಎಕ್ಸಿಕ್ಯುಟಿವ್ ಎಂಜಿನಿಯರ್ ಸಾಹೇಬರ ಮನೆಯಾಯಿತು. ಗೋರಿಯ ಮೇಲಂತಸ್ತಿನಲ್ಲಿ ಸಂಸಾರ ಹೂಡಿದ ಸಾಹೇಬರಿಗೆ ರಾತ್ರಿ ನಿದ್ದೆ ಹೇಗೆ ಬರುತ್ತಿತ್ತೋ!

ಇಂಥ ಮಾರ್ಪಾಡು ಮಾಡುವಾಗ ಕಮಾನುಗಳಿಗೆ ಗೋಡೆ ಕಟ್ಟಿ ಮುಚ್ಚಬೇಕು. ಮುಚ್ಚಿದ ಗೋಡೆಯಲ್ಲಿ ಇಂಗ್ಲಿಷ್ ಮಾದರಿಯ ಬಾಗಿಲು, ಕಿಟಕಿ ಕೂರಿಸಬೇಕು. ಎತ್ತರದ ಅಂಕಣವನ್ನು ಅಡ್ಡ ತೊಲೆ ಹಾಕಿ ವಿಂಗಡಿಸಬೇಕು. ಹಳೆಯ ಗಾರೆಯ ಕುಸುರಿ ಕೆಲಸದ ಮೇಲೆ ವರ್ಷಕ್ಕೊಮ್ಮೆ ಸುಣ್ಣ ಬೀಳುತ್ತದೆ. ಹಾಗೆ ನೋಡಿದರೆ ಬ್ರಿಟಿಷರು ಈ ಕಟ್ಟಡಗಳನ್ನು ಉಳಿಸಿದರೋ ಕೆಡಿಸಿದರೋ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಕಚೇರಿಯಾದ ಮಹಲು ರೂಪ ಕೆಡಿಸಿಕೊಂಡರೂ ಅದರ ಮೇಲೆ ಛಾವಣಿ ಬಿತ್ತು. ಯಾರಿಗೂ ಬೇಡವಾದ ಸಾತ್ ಮಂಜಿಲ್ ರೂಪ ಕೆಡಿಸಿಕೊಳ್ಳಲಿಲ್ಲ, ಆದರೆ ಏಳಂತಸ್ತಿನ ಕಟ್ಟಡವೆಂಬ ಹೆಸರು ಹೊತ್ತು ಅರೆಬರೆಯಾಗಿ ನಿಂತಿದೆ. ಎರಡಕ್ಕೂ ಹೊರತಾದದ್ದು ಅಸಾರ್ ಮಹಲು. ಮಹಮ್ಮದ್ ಆದಿಲ್‌ಶಾಹ 1646ರಲ್ಲಿ ನ್ಯಾಯಸ್ಥಾನವಾಗಿ ಕಟ್ಟಿಸಿದ ಈ ಕಟ್ಟಡಕ್ಕೆ ಪ್ರವಾದಿಯವರದೆಂದು ನಂಬಲಾದ ಪವಿತ್ರ ಕೇಶ ಬಂದು ಸೇರಿತು. ಭಕ್ತರು ನಡೆದುಕೊಳ್ಳುವ ಜಾಗವಾದ್ದರಿಂದ ಇಲ್ಲಿಗೆ ಕಚೇರಿ ಬರಲಿಲ್ಲ. ಎತ್ತರದ ಮರದ ಕಂಬಗಳು, ಮುಂದಿನ ಹೊಂಡ ಇಂದಿಗೂ ಇವೆ.

ಕರ್ಜನ್ ಸಾಹೇಬರ ಸಿಟ್ಟು

ಈ ಹಂಚಿಕೆ ಸರ್ಕಾರದೊಳಗಿನವರಿಗೇ ಒಪ್ಪಿಗೆಯಾಗಲಿಲ್ಲ. ಪುರಾತತ್ವ ಇಲಾಖೆಯ ಹೆನ್ರಿ ಕಸನ್ಸ್ ವರ್ಷಗಟ್ಟಲೆ ಇಲ್ಲಿನ ಕಟ್ಟಡಗಳನ್ನು ಅಳೆದು, ನಕ್ಷೆ ಬರೆದು, ಚಿತ್ರ ತೆಗೆದು ದಾಖಲಿಸಿದರು. 1916ರಲ್ಲಿ ಪ್ರಕಟವಾದ ಅವರ ಗ್ರಂಥ ಬಿಜಾಪುರದ ವಾಸ್ತುಶಿಲ್ಪದ ಬಗ್ಗೆ ಬರೆಯುವವರೆಲ್ಲ ಇಂದಿಗೂ ಮೊದಲು ತೆರೆಯುವ ಪುಸ್ತಕ. 1892ರಲ್ಲಿ ಬಿಜಾಪುರದಲ್ಲಿ ಜಿಲ್ಲಾ ವಸ್ತುಸಂಗ್ರಹಾಲಯ ಹುಟ್ಟಿಕೊಂಡದ್ದರ ಹಿಂದೆಯೂ ಕಸನ್ಸ್ ಅವರ ಶ್ರಮವಿತ್ತು. ಆ ಸಂಗ್ರಹಾಲಯ ಈಗ ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿದೆ.

1899ರಲ್ಲಿ ವೈಸರಾಯ್ ಆಗಿ ಬಂದ ಲಾರ್ಡ್ ಕರ್ಜನ್ ಬಂಗಾಳ ವಿಭಜನೆಯ ಕಾರಣಕ್ಕೆ ಭಾರತೀಯರ ಕೋಪಕ್ಕೆ ಗುರಿಯಾದವರು. ಆದರೆ ಹಳೆಯ ಕಟ್ಟಡಗಳ ವಿಷಯದಲ್ಲಿ ಅವರ ನಿಲುವು ಬೇರೆ. ಮಸೀದಿಯಲ್ಲಿ ಬಂಗಲೆ, ಗೋರಿಯಲ್ಲಿ ಕಚೇರಿ ಮಾಡುವುದು ಆಳುವವರ ಮರ್ಯಾದೆಗೆ ತಕ್ಕದ್ದಲ್ಲ ಎಂಬುದು ಅವರ ಅಭಿಪ್ರಾಯ. ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯಿದೆ ಜಾರಿಗೆ ಬಂದದ್ದು 1904ರಲ್ಲಿ. ಅದರ ಮಸೂದೆಯ ಮೇಲೆ ಮಾತನಾಡುತ್ತ ಕರ್ಜನ್, ಬಿಜಾಪುರದ ಒಂದು ಮಸೀದಿಯಿಂದ ಪ್ರಯಾಣಿಕರ ಬಂಗಲೆಯನ್ನು, ಇನ್ನೊಂದರಿಂದ ಟಪಾಲು ಕಚೇರಿಯನ್ನು ತಾವು ಹೊರಗೆ ಹಾಕಿಸಿದ್ದಾಗಿ ಹೇಳಿಕೊಂಡರು. ದೇಶದ ಸ್ಮಾರಕಗಳಿಗೆ ಕಾನೂನಿನ ರಕ್ಷಣೆ ಕೊಟ್ಟ ಆ ಕಾಯಿದೆಯ ಚರ್ಚೆಯಲ್ಲಿ ಬಿಜಾಪುರದ ಹೆಸರು ಬಂದದ್ದು ಹೀಗೆ.

ಪ್ರಾರ್ಥನೆಯ ಸ್ಥಳಗಳನ್ನು ತೆರವು ಮಾಡಿಸಲಾಯಿತು. ಅರಮನೆಗಳ ಗತಿ ಹಾಗಾಗಲಿಲ್ಲ. ಕಲೆಕ್ಟರ್ ಕಚೇರಿ ಇನ್ನೆಲ್ಲಿಗೆ ಹೋಗಬೇಕು? ಮಹಲುಗಳಲ್ಲಿ ಆಡಳಿತ ಮುಂದುವರಿಯಿತು. 1947ರ ನಂತರವೂ, 1956ರಲ್ಲಿ ಮುಂಬಯಿ ರಾಜ್ಯದಿಂದ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಗುಮಾಸ್ತರ ಮೇಜುಗಳು ಕಮಾನಿನ ಕೆಳಗೆ ಇದ್ದವು. ಫೈಲುಗಳ ಭಾಷೆ ಕನ್ನಡವಾಯಿತು, ಗೋಡೆ ಮಾತ್ರ ಅದೇ.

ಕೋರ್ಟು ತಂದ ವಕೀಲರು

ಜಿಲ್ಲಾ ಕೇಂದ್ರ ಬಂದದ್ದರಿಂದ ಊರಿಗೆ ಜೀವ ಮರಳಿತು. 1881ರಲ್ಲಿ ಬಿಜಾಪುರದ ಜನಸಂಖ್ಯೆ ಹನ್ನೊಂದು ಸಾವಿರದ ಆಸುಪಾಸು. 1901ಕ್ಕೆ ಅದು ಇಪ್ಪತ್ತಮೂರು ಸಾವಿರ ದಾಟಿತ್ತು. ಕಚೇರಿಯ ಹಿಂದೆ ಕಾರಕೂನರು, ಕೋರ್ಟಿನ ಹಿಂದೆ ವಕೀಲರು, ರೈಲಿನ ಹಿಂದೆ ಅಡತಿ ವ್ಯಾಪಾರಿಗಳು ಬಂದರು. ಸುಮಾರು ಹತ್ತು ಕಿಲೋಮೀಟರ್ ಸುತ್ತಳತೆಯ ಹೊರಕೋಟೆಯೊಳಗೆ ಜಾಲಿಗಿಡ ಬೆಳೆದ ಬಯಲುಗಳಲ್ಲಿ ಮತ್ತೆ ಮನೆಗಳೆದ್ದವು.

ಹೀಗೆ ಕೋರ್ಟನ್ನು ಅರಸಿ ಬಂದವರಲ್ಲಿ ಧಾರವಾಡದಲ್ಲಿ ಹುಟ್ಟಿದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿ ಒಬ್ಬರು. 1904ರಲ್ಲಿ ಅವರು ವಕೀಲಿ ವೃತ್ತಿಗೆಂದು ಬಿಜಾಪುರಕ್ಕೆ ಬಂದರು. ಕೈತುಂಬ ಸಂಪಾದಿಸಬಹುದಾಗಿದ್ದ ಮನುಷ್ಯ ಮಠ ಮನೆಗಳ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ತಾಳೆಗರಿಗಳ ಬೆನ್ನು ಹತ್ತಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂತು. 1925ರಲ್ಲಿ ಸ್ವಂತ ಹಿತಚಿಂತಕ ಮುದ್ರಣಾಲಯ, ಮರುವರ್ಷ ‘ಶಿವಾನುಭವ’ ಪತ್ರಿಕೆ. ಬಸವಣ್ಣನವರ ಮತ್ತು ಇತರ ಶರಣರ ವಚನಗಳು ಇಂದು ಅಚ್ಚಿನಲ್ಲಿ ಮನೆಮನೆಗೆ ಮುಟ್ಟಿವೆಯೆಂದರೆ ಅದರ ಹಿಂದೆ ಈ ವಕೀಲರ ದುಡಿಮೆಯಿದೆ. 1910ರಲ್ಲಿ ಅವರು ಸ್ಥಾಪಿಸಿದ ಬಿ.ಎಲ್.ಡಿ.ಇ. ಸಂಸ್ಥೆ ಇಂದು ಜಿಲ್ಲೆಯ ದೊಡ್ಡ ಶಿಕ್ಷಣ ಸಂಸ್ಥೆ. ಜಿಲ್ಲಾ ಕೇಂದ್ರ ಕಲಾದಗಿಯಲ್ಲಿಯೇ ಉಳಿದಿದ್ದರೆ ಈ ಕೆಲಸ ಎಲ್ಲಿ, ಹೇಗೆ ನಡೆಯುತ್ತಿತ್ತೋ ಹೇಳಲಾಗದು. ಸಾಮ್ರಾಜ್ಯದ ಅನುಕೂಲಕ್ಕೆ ಬಂದ ಕೋರ್ಟಿನಿಂದ ಕನ್ನಡಕ್ಕೂ ಇಂಥ ಲಾಭವಾಯಿತು.

ಶಾಮೀನ್ ದ್ವೀಪದ ಪಾಠ

ಚೀನಿ ಮಹಲಿನಿಂದ ನಿಜವಾದ ಚೀನಾದತ್ತ ಒಮ್ಮೆ ನೋಡಬಹುದು. ಅಫೀಮು ಯುದ್ಧಗಳಲ್ಲಿ ಚೀನಾ ಸೋತ ನಂತರ ಯುರೋಪಿಯನ್ನರು ಅಲ್ಲಿನ ಬಂದರು ನಗರಗಳಲ್ಲಿ ತಮ್ಮದೇ ಬಡಾವಣೆಗಳನ್ನು ಮಾಡಿಕೊಂಡರು. ಆ ಅಫೀಮು ಭಾರತದ್ದು. ಮಾಳವದ ಅಫೀಮು ಮುಂಬಯಿ ಬಂದರಿನಿಂದಲೇ ಹಡಗು ಹತ್ತುತ್ತಿತ್ತು. ಗುವಾಂಗ್‌ಝೌ ನಗರದ ಅಂಚಿನಲ್ಲಿ, ಮುತ್ತಿನ ನದಿಯ ದಂಡೆಯ ಮರಳುದಿಬ್ಬವನ್ನು 1859ರಿಂದ ಕಲ್ಲು ಮಣ್ಣು ತುಂಬಿ ಎತ್ತರಿಸಿ ಶಾಮೀನ್ ಎಂಬ ದ್ವೀಪ ಮಾಡಲಾಯಿತು. ಐದರಲ್ಲಿ ನಾಲ್ಕು ಪಾಲು ಬ್ರಿಟಿಷರಿಗೆ, ಒಂದು ಪಾಲು ಫ್ರೆಂಚರಿಗೆ. ಊರಿಗೂ ದ್ವೀಪಕ್ಕೂ ನಡುವೆ ಕಾಲುವೆ, ಮೇಲೆ ಸೇತುವೆಗಳು. ಬ್ಯಾಂಕು, ಇಗರ್ಜಿ, ದೂತಾವಾಸ ಎಲ್ಲವೂ ಯುರೋಪಿನ ಮಾದರಿಯವು. 1925ರ ಜೂನ್ 23ರಂದು ಎದುರು ದಂಡೆಯಲ್ಲಿ ಮೆರವಣಿಗೆ ಹೊರಟ ಚೀನಿಯರ ಮೇಲೆ ಈ ಕಡೆಯಿಂದ ಗುಂಡಿನ ಮಳೆಗರೆದು ಅನೇಕರು ಸತ್ತರು.

ಆ ನೆನಪನ್ನು ಚೀನಿಯರು ಮರೆತಿಲ್ಲ. ಆದರೂ ದ್ವೀಪದ ಕಟ್ಟಡಗಳನ್ನು ಕೆಡವಿ ಹಾಕಲಿಲ್ಲ. 1996ರಲ್ಲಿ ಅವುಗಳಿಗೆ ರಾಷ್ಟ್ರ ಮಟ್ಟದ ರಕ್ಷಣೆ ದೊರೆಯಿತು. ಆಲದ ಜಾತಿಯ ಹಳೆಯ ಮರಗಳ ನೆರಳಿನಲ್ಲಿ ಮದುಮಕ್ಕಳು ಫೋಟೊ ತೆಗೆಸಿಕೊಳ್ಳುವ ಜಾಗ ಅದೀಗ. ಕೋಟ್ಯಂತರ ಜನರ ಆಧುನಿಕ ನಗರವೊಂದು ತನ್ನ ಅವಮಾನದ ಕಾಲದ ಬೀದಿಯನ್ನೂ ಇತಿಹಾಸದ ಪುಟವಾಗಿ ಓದಲು ಕಲಿತಿದೆ.

ಶಾಮೀನಿಗೂ ಅರಕಿಲ್ಲೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ಅಲ್ಲಿ ಪರಕೀಯರು ಹೊಸ ನೆಲ ಮಾಡಿಕೊಂಡು ಹೊಸ ಕಟ್ಟಡ ಕಟ್ಟಿದರು. ಅವರ ಊರು ಎಲ್ಲಿ ಮುಗಿಯುತ್ತದೆ, ಚೀನಿಯರ ಊರು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಕಾಲುವೆಯೇ ಹೇಳುತ್ತದೆ. ಬಿಜಾಪುರದಲ್ಲಿ ಅವರು ಇದ್ದ ಮನೆಯೊಳಗೆ ಬಂದು ಕೂತರು. ಹೀಗಾಗಿ ಇಲ್ಲಿ ಎರಡು ಕಾಲವನ್ನು ಬೇರ್ಪಡಿಸುವ ಗೆರೆ ಒಂದೇ ಗೋಡೆಯ ಮೇಲೆ ಹಾದುಹೋಗುತ್ತದೆ: ಮೇಲೆ ಹದಿನಾರನೆಯ ಶತಮಾನದ ಕಮಾನು, ಅದರ ಹೊಟ್ಟೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಕಿಟಕಿ.

ಈ ವ್ಯತ್ಯಾಸವೇ ಇಂದಿನ ಸಮಸ್ಯೆಯ ಮೂಲ. 2014ರಲ್ಲಿ ದಖ್ಖಣದ ಸುಲ್ತಾನರ ಸ್ಮಾರಕಗಳು ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿದವು. ವಿಜಯಪುರದ ಸ್ಮಾರಕಗಳೂ ಅದರಲ್ಲಿವೆ. ಅದೇ ವರ್ಷ ನವೆಂಬರ್ 1ರಂದು ಬಿಜಾಪುರ ಅಧಿಕೃತವಾಗಿ ವಿಜಯಪುರವಾಯಿತು. ಅರಮನೆಗಳನ್ನು ಪೂರ್ವಸ್ಥಿತಿಗೆ ತರಬೇಕಾದರೆ ಬ್ರಿಟಿಷರು ಸೇರಿಸಿದ್ದನ್ನೆಲ್ಲ ಕಿತ್ತು ತೆಗೆಯಬೇಕೆ? ಕಿಟಕಿ ಕಿತ್ತರೆ ಗೋಡೆ ತಾಳೀತೆ? ನೂರ ನಲವತ್ತು ವರ್ಷದ ಆ ಕಿಟಕಿಯೂ ಈಗ ಹಳೆಯ ವಸ್ತುವೇ ಅಲ್ಲವೆ? ಅದೂ ಬೇಡ, ಇದೂ ಬೇಡ ಎಂದು ಕೈಬಿಟ್ಟರೆ ಮಳೆಗೆ ಛಾವಣಿ ಸೋರುತ್ತದೆ, ಗಾರೆ ಉದುರುತ್ತದೆ, ಬಿರುಕಿನಲ್ಲಿ ಅರಳಿಗಿಡ ಬೇರು ಬಿಡುತ್ತದೆ. ಗೋಳಗುಮ್ಮಟದಂತೆ ಟಿಕೆಟ್ ಕೊಟ್ಟು ನೋಡುವ ಜನ ಈ ಮಹಲುಗಳಿಗೆ ಇಲ್ಲ. ಬಳಕೆ ನಿಂತ ಕಟ್ಟಡಕ್ಕೆ ದಿಕ್ಕಿಲ್ಲ ಎಂಬುದನ್ನು 1686ರ ನಂತರದ ಕಥೆಯೇ ತೋರಿಸಿದೆ. ಬಳಕೆ ಅತಿಯಾದರೆ ಏನಾಗುತ್ತದೆ ಎಂಬುದನ್ನು 1885ರ ನಂತರದ ಕಥೆ ತೋರಿಸಿದೆ.

ನೋಡುವವರಿಗೆ

ಅರಕಿಲ್ಲೆಯನ್ನು ಕಾಲ್ನಡಿಗೆಯಲ್ಲಿ ನೋಡುವುದೇ ಸರಿ. ಒಳಕೋಟೆಯ ಗೋಡೆಯ ಬಹುಭಾಗ ಈಗ ಇಲ್ಲ, ಕಂದಕದ ತುಣುಕುಗಳು ಅಲ್ಲಲ್ಲಿ ಕಾಣುತ್ತವೆ. ಗಗನ ಮಹಲಿನಿಂದ ಹೊರಟರೆ ಒಳ್ಳೆಯದು. 1561ರ ಸುಮಾರಿಗೆ ಒಂದನೆಯ ಅಲಿ ಕಟ್ಟಿಸಿದ ಈ ಸಭಾಭವನದ ನಡುವಿನ ಕಮಾನಿನ ಅಗಲ ಅರವತ್ತು ಅಡಿಯಷ್ಟು. ಇಲ್ಲಿ ಕಚೇರಿ ಕೂರಲಿಲ್ಲವಾದ್ದರಿಂದ ಮಹಲೊಂದರ ಬರಿಮೈ ಹೇಗಿರುತ್ತದೆಂದು ತಿಳಿಯುತ್ತದೆ. ಅಲ್ಲಿಂದ ಆನಂದ ಮಹಲು, ಸಾತ್ ಮಂಜಿಲ್, ಚೀನಿ ಮಹಲುಗಳತ್ತ ನಡೆದರೆ ಬದಲಾವಣೆ ಕಣ್ಣಿಗೆ ಕಟ್ಟುತ್ತದೆ. ಎಲ್ಲಿ ಕಮಾನು ಮುಚ್ಚಿದೆ, ಎಲ್ಲಿ ಗಾರೆ ಬೇರೆ ಬಣ್ಣದ್ದು, ಎಲ್ಲಿ ಕಿಟಕಿಯ ಚೌಕಟ್ಟು ಕಮಾನಿನ ಬಾಗಿಗೆ ಹೊಂದದೆ ನಿಂತಿದೆ ಎಂದು ಹುಡುಕುವುದೇ ಒಂದು ಸೊಗಸು. ಕೊನೆಗೆ ಪೂರ್ವಕ್ಕೆ ದಾಟಿ ಅಸಾರ್ ಮಹಲಿನ ಹೊಂಡದ ದಂಡೆಯಲ್ಲಿ ದಣಿವಾರಿಸಿಕೊಳ್ಳಬಹುದು.

ಸುಲ್ತಾನರು ನ್ಯಾಯ ಹೇಳಲು ಕಟ್ಟಿಸಿದ ಜಾಗದಲ್ಲಿ ಸಾಹೇಬರು ಕಂದಾಯದ ಲೆಕ್ಕ ಬರೆದರು. ಆ ಲೆಕ್ಕದ ವಹಿಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಹೊಲಗಳ ಹೆಸರಿದ್ದವು. ಅಗರಖೇಡದ ಕಡೆಯಿಂದ ಅರ್ಜಿ ಹಿಡಿದು ಬಂದ ರೈತನ ಅಜ್ಜನೂ ಇದೇ ಕಮಾನಿನ ಕೆಳಗೆ ನಿಂತಿದ್ದಿರಬಹುದು. ಮುಂದಿನ ಸಲ ಕಚೇರಿ ಕೆಲಸಕ್ಕೆ ವಿಜಯಪುರಕ್ಕೆ ಬಂದವರು ಗಳಿಗೆ ಹೊತ್ತು ತಲೆಯೆತ್ತಿ ಆ ಕಮಾನನ್ನು ನೋಡಿದರೆ, ಉಳಿಸಿಕೊಳ್ಳಬೇಕಾದದ್ದು ಏನೆಂದು ಅವರಿಗೇ ತಿಳಿದೀತು.